ಬೆನ್ನ ಹಿಂದಿನ ವೇದಿಕೆ

ನೊಣ ಮೂಗಿನ ಮೇಲೆಯೇ ಕೂತಿದೆ, ಎಡಹೊಳ್ಳೆಯ ಅಂಚಿನಲ್ಲಿ, ಅಪ್ಪನ ಆಸ್ತಿ ಎಂಬಂತೆ ಒಂದು ಸುತ್ತು ನಡೆದು ಮತ್ತೆ ಅಲ್ಲಿಗೇ ಬರುತ್ತದೆ, ಓಡಿಸೋಣವೆಂದರೆ ಕೈ ಎತ್ತುವ ಹಾಗಿಲ್ಲ, ಕೈ ಎತ್ತಿದರೆ ಶಾಲೆಯ ಮಾಳಿಗೆಯ ಮೇಲೆ ದುರ್ಬೀನು ಹಚ್ಚಿದ ಬಂದೂಕು ಹಿಡಿದು ಮಲಗಿರುವ ದಿಲ್ಲಿಯವನಿಗೆ ಅನುಮಾನ ಬರುತ್ತದಂತೆ, ವೇದಿಕೆಯ ಮೂವತ್ತು ಗಜದೊಳಗೆ ಯಾರ ಕೈಯೂ ಎದೆಗಾಗಲಿ ಕೊರಳಿಗಾಗಲಿ ಜೇಬಿಗಾಗಲಿ ಸುಮ್ಮಸುಮ್ಮನೆ ಹೋಗಬಾರದು, ಹೋದರೆ ನಮ್ಮವರು ಯಾಕೆಂದು ವಿಚಾರಿಸುತ್ತ ಕೂರುವುದಿಲ್ಲ ಎಂದು ಸಫಾರಿ ಸಾಹೇಬ ಹತ್ತು ದಿನದಲ್ಲಿ ಹತ್ತು ಸಲ ಹೇಳಿದ್ದಾನೆ, ಹತ್ತು ಸಲವೂ ಅದನ್ನು ಕನ್ನಡ ಮಾಡಿ ಊರವರಿಗೆ ಹೇಳಿದವನು ದಾವಲಸಾಬನೇ, ಈಗ ನೊಣ ಬಂದು ಅವನ ಮೂಗನ್ನೇ ಹುಡುಕಿ ಕೂತಿದೆ, ಇಷ್ಟು ದೊಡ್ಡ ಮೈದಾನದಲ್ಲಿ ಅದಕ್ಕೆ ಬೇರೆ ಮೂಗು ಸಿಗಲಿಲ್ಲ. ಅಫಜಲಪುರ ಠಾಣೆಯ ದಫೇದಾರ, ಇಪ್ಪತ್ನಾಲ್ಕು ವರ್ಷದ ನೌಕರಿ, ಚೌಡಾಪುರದ ಶಾಲೆಯ ಬಯಲಿನಲ್ಲಿ ರಾಷ್ಟ್ರಪತಿಗಳಿಗೆ ಬೆನ್ನು ತೋರಿಸಿಕೊಂಡು ನಿಂತಿದ್ದಾನೆ — ಹೌದು, ಬೆನ್ನು, ಕಾಯಲು ನಿಂತವನು ವೇದಿಕೆಯ ಕಡೆ ನೋಡಬಾರದು, ಜನರ ಕಡೆ ನೋಡಬೇಕು, ಇದೂ ದಿಲ್ಲಿಯವರ ಕಾನೂನು, ನಿಜಾಮರ ಆಳ್ವಿಕೆ ಮುಗಿದು ನಲವತ್ತು ವರ್ಷವಾಯಿತೆಂದು ಅಂದು ಹೋರಾಡಿದ ಐದು ಮಂದಿಗೆ ಶಾಲು ಹೊದಿಸಲು ರಾಷ್ಟ್ರಪತಿಗಳು ಬಂದಿದ್ದಾರೆ, ಆಳಂದ ಅಫಜಲಪುರ ಜೇವರ್ಗಿ ಮೂರೂ ತಾಲೂಕಿನ ಜನ ಬಂದಿದ್ದಾರೆ, ಇಜೇರಿಯವರು ಎರಡು ಟ್ರ್ಯಾಕ್ಟರು ತುಂಬಿಕೊಂಡು ಬಂದರು, ಜಿಡಗಾದವರು ಬುತ್ತಿ ಕಟ್ಟಿಕೊಂಡು ಬಂದರು, ಆ ಬುತ್ತಿಯನ್ನೆಲ್ಲ ಗೇಟಿನಲ್ಲಿ ಇಳಿಸಿಕೊಂಡರು, ಎಲ್ಲರಿಗೂ ರಾಷ್ಟ್ರಪತಿಗಳ ಮುಖ ಕಾಣುತ್ತಿದೆ, ಅವರಿಗಾಗಿ ಹತ್ತು ದಿನ ನಿದ್ದೆಗೆಟ್ಟ ದಾವಲಸಾಬನಿಗೆ ಮಾತ್ರ ಕಾಣುತ್ತಿಲ್ಲ. ಅವನಿಗೆ ಕಾಣುತ್ತಿರುವುದು ಬಿದಿರಿನ ಗಳ ಕಟ್ಟಿದ ಹೆಂಗಸರ ಪಾಳಿ, ಅದರ ಎರಡನೇ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕೂತ ಅವನ ಹೆಂಡತಿ ಪ್ಯಾರಿಬಿ, ಆಕೆ ಅವನ ಭುಜದಾಚೆ ವೇದಿಕೆಯನ್ನು ನೋಡುತ್ತ ಶೇಂಗಾ ತಿನ್ನುತ್ತಿದ್ದಾಳೆ, ಆ ಶೇಂಗಾ ಗೇಟು ದಾಟಿ ಹೇಗೆ ಒಳಗೆ ಬಂತೋ ದೇವರಿಗೇ ಗೊತ್ತು.

ಹತ್ತು ದಿನದಿಂದ ಅವನ ತಲೆಯೊಳಗೆ ಎರಡು ಭಾಷೆ ಒಂದನ್ನೊಂದು ತುಳಿದುಕೊಂಡು ಓಡಾಡುತ್ತಿವೆ. ಹನ್ನೊಂದು ಜನ ಬಂದರು ದಿಲ್ಲಿಯಿಂದ, ಹನ್ನೊಂದು ಜನರಿಗೂ ಒಂದೇ ಬಣ್ಣದ ಸಫಾರಿ, ಒಂದೇ ಬಗೆಯ ಕಪ್ಪು ಕನ್ನಡಕ, ರಾಷ್ಟ್ರಪತಿಗಳನ್ನು ಕಾಯುವುದೊಂದೇ ಅವರ ಕೆಲಸವಂತೆ, ಬೇರೆ ಕಳ್ಳರನ್ನು ಹಿಡಿಯುವುದಿಲ್ಲ, ಬೇರೆ ಜಗಳ ಬಿಡಿಸುವುದಿಲ್ಲ, ಅವರಲ್ಲಿ ಹಿರಿಯನಿಗೆ ಒಂದು ಹೆಸರಿತ್ತು, ಅದು ಯಾರ ನಾಲಿಗೆಗೂ ಹೊರಳದೆ ಎಲ್ಲರಿಗೂ ಅವನು ಸಫಾರಿ ಸಾಹೇಬನೇ ಆದ. ಮೊದಲ ದಿನವೇ ಎರೆಮಣ್ಣು ಬೂಟಿಗೆ ಮೆತ್ತಿ ಕಾಲು ಎತ್ತಲಾಗದೆ ನಿಂತು, ಈ ಮಣ್ಣನ್ನು ಯಾಕೆ ತೆಗೆಸಿಲ್ಲ ಎಂದು ಕೇಳಿದ, ಭಾದ್ರಪದದ ಮಳೆ ನಿಂತು ನಾಲ್ಕು ದಿನವಾಗಿತ್ತು, ಯಾವ ಮಣ್ಣು ತೆಗೆಸಬೇಕು, ಎಷ್ಟು ಆಳ ತೆಗೆಸಬೇಕು, ಫೌಜದಾರ ಕಲ್ಯಾಣಪ್ಪ ಮೀಸೆಯೊಳಗೇ ನಕ್ಕು ಹಿಂದೆ ಸರಿದು, ದಾವಲ್, ನಿನಗ ಉರ್ದು ಬರ್ತದ, ಇವ್ರಿಗಿ ನೀನೇ ತಿಳಿಸಿ ಹೇಳಪ್ಪ ಅಂದರು, ಅಲ್ಲಿಂದ ಶುರು, ದಿಲ್ಲಿಯವರಿಗೆ ಈ ಸೀಮೆ ತಿಳಿಸಿ ಹೇಳುವ ಗುತ್ತಿಗೆ ದಾವಲಸಾಬನ ಹೆಗಲಿಗೆ ಬಿತ್ತು. ಅವನ ಉರ್ದು ಕೇಳಿ ಅವರು ನಕ್ಕರು, ಇದು ಯಾವ ಊರಿನ ಭಾಷೆ ದಫೇದಾರ ಅಂದರು, ನಗಲಿ, ಅವನಿಗೇನೂ ಸಿಟ್ಟು ಬರಲಿಲ್ಲ, ಸಿಟ್ಟು ಬಂದದ್ದು ಬಾಗಿಲಿನ ದಿನ. ಮನೆಯಿಲ್ಲದೆ ಗೋಡೆಯಿಲ್ಲದೆ ಬರೀ ಬಾಗಿಲೊಂದನ್ನು ತಂದು ಬಯಲಿನಲ್ಲಿ ನಿಲ್ಲಿಸಿದರು, ಅದರೊಳಗೆ ಹಾದರೆ ಮೈಮೇಲಿನ ಲೋಹಕ್ಕೆ ಕೂಗುತ್ತದಂತೆ, ಪರೀಕ್ಷೆಗೆಂದು ಊರಿನ ನಲವತ್ತು ಜನರನ್ನು ಹಾಯಿಸಿದರೆ ಮೂವತ್ತಾರು ಜನರಿಗೆ ಕೂಗಿತು, ಅಡಕೊತ್ತು ತೆಗೆಸಿದರು, ಸುಣ್ಣದ ಡಬ್ಬಿ ತೆಗೆಸಿದರು, ಬೆಳ್ಳಿ ಉಡದಾರ ಬಿಚ್ಚಿಸಿದರು, ಒಬ್ಬ ಮುದುಕನ ಧೋತರ ಅರ್ಧಕ್ಕೆ ಬಂತು, ಆದರೂ ಕೂಗಿತು, ಕೊನೆಗೆ ಸಫಾರಿ ಸಾಹೇಬ ಹೈರಾಣಾಗಿ, ಇವರೆಲ್ಲರ ಕೊರಳಿನಲ್ಲೂ ಇರುವ ಈ ಬೆಳ್ಳಿ ಡಬ್ಬಿ ಏನು ಅಂದ. ಕರಡಿಗೆ ಸಾಹೇಬ್, ಅದರೊಳಗೆ ಅವರ ದೇವರಿದ್ದಾನೆ. ಎಲ್ಲರ ಹತ್ತಿರವೂ ಒಂದೊಂದು ದೇವರಾ. ಹೌದು ಸಾಹೇಬ್, ಒಬ್ಬೊಬ್ಬರಿಗೆ ಒಂದೊಂದು ಲಿಂಗ, ಹುಟ್ಟಿದಾಗ ಕಟ್ಟಿದ್ದು ಮಣ್ಣಿಗಿಟ್ಟಾಗಲೂ ಜೊತೆಗೇ ಹೋಗುತ್ತದೆ. ಸರಿ, ಆ ತಟ್ಟೆಯಲ್ಲಿ ಬಿಚ್ಚಿಟ್ಟು ಹೋಗಲಿ, ಚೀಟಿ ಕೊಟ್ಟಿರುತ್ತೇವೆ, ಮರಳುವಾಗ ತಗೊಳ್ಳಲಿ. ಚಪ್ಪಲಿ ಕಾಯುವವನು ಹೇಳುವಷ್ಟು ಸಲೀಸಾಗಿ ಹೇಳಿಬಿಟ್ಟ, ಅದನ್ನು ಕನ್ನಡದಲ್ಲಿ ಹೇಳಬೇಕಾದವನು ದಾವಲಸಾಬ, ಎಷ್ಟು ಮೆತ್ತಗೆ ಮಾಡಿ ಹೇಳಿದರೂ ಅದು ಮೆತ್ತಗಾಗುವ ಮಾತಲ್ಲ, ಊರಿನ ಹಿರಿಯ ಶಿವರಾಯ ಗೌಡರು ಅವನ ಹೆಗಲ ಮೇಲೆ ಕೈಯಿಟ್ಟು, ದಾವಲಸಾಬ, ತಲಿ ಬೇಕಾದ್ರ ಇಟ್ಟು ಬರ್ತೇವಂತ ಸಾಹೇಬ್ರಿಗಿ ಹೇಳು, ಇದನ್ನ ಬಿಚ್ಚಂಗಿಲ್ಲ ಅಂದರು, ಹೇಳಿದ, ಹಾಗೇ ಹೇಳಿದ. ಮೂರು ದಿನ ದಿಲ್ಲಿಗೂ ಚೌಡಾಪುರಕ್ಕೂ ಫೋನು ಓಡಾಡಿ ಕಡೆಗೆ ತೀರ್ಮಾನವಾಯಿತು, ಜನರನ್ನು ಮೂವತ್ತು ಗಜ ಹಿಂದೆ ಕೂರಿಸುವುದು, ವೇದಿಕೆ ಏರುವ ಐದು ಮಂದಿಗೆ ಮಾತ್ರ ಠಾಣೆಯವರು ಪೂರ್ವಾಪರ ಬರೆದು ಜವಾಬ್ದಾರಿ ಹೊತ್ತರೆ ಕರಡಿಗೆ ಬಿಡುವುದು. ಪೂರ್ವಾಪರ ಬರೆಯುವವನು ಯಾರು, ಮತ್ತೆ ಅವನೇ.

ನಾಲ್ಕು ಮಂದಿ ಗಂಡಸರು, ಅವರದೆಲ್ಲ ಅರ್ಧ ಹಾಳೆಯಲ್ಲಿ ಮುಗಿಯಿತು, ಉಳಿದವಳು ಗುರಮ್ಮಕ್ಕ. ಇದೇ ಚೌಡಾಪುರದಲ್ಲಿ ಬಸ್ಸು ನಿಲ್ಲುವ ಜಾಗದ ಹಿಂದಿನ ಓಣಿಯಲ್ಲಿ ಆಕೆಯ ಮನೆ, ವಯಸ್ಸು ಐವತ್ತೊಂಬತ್ತು, ಗಂಡ ಬಸವಂತರಾಯರು ತೀರಿಹೋಗಿ ಆರು ವರ್ಷ, ಅವರಿಗೆ ಸರಕಾರ ಕೊಟ್ಟ ತಾಮ್ರಪತ್ರ ಗೋಡೆಯ ಮೇಲಿದೆ, ಹೋದವರೆಲ್ಲ ಮೊದಲು ಅದನ್ನೇ ನೋಡುವುದು, ದಾವಲಸಾಬನೂ ಅದನ್ನೇ ನೋಡುತ್ತ ಕೂತಿದ್ದಾಗ ಆಕೆ ಚಹಾ ತಂದಿಟ್ಟು, ಅದು ಅವರದು ತಮ್ಮಾ, ನಂದು ಕೇಳಾಕ ಬಂದೀಯೋ ಅವರದು ಕೇಳಾಕ ಬಂದೀಯೋ ಅಂದಳು. ನಿಮ್ಮದೇ ಹೇಳ್ರಿ ಅಕ್ಕಾ. ಹೇಳಿದಳು, ಮೊರದಲ್ಲಿ ಹೆಸರುಕಾಳು ಕೇರುತ್ತಲೇ ಹೇಳಿದಳು, ಅವರು ಸೊಲ್ಲಾಪುರದ ಕಡೆ ಗಡಿಯಾಚೆ ಹೋರಾಟದವರ ಕ್ಯಾಂಪಿನ್ಯಾಗ ಇರ್ತಿದ್ರು, ಇತ್ಲಾಗಿನ ಸುದ್ದಿ ಬರದ ಚೀಟಿ ಒಯ್ದು ಕೊಡಾಕಿ ನಾ, ಆಗ ನನಗ ಹತ್ತೊಂಬತ್ತು, ಒಂಬತ್ತು ಸಲ ನಾಕಾ ದಾಟೇನಿ, ಚೀಟಿ ಎಲ್ಲಿಡತಿದ್ದೆ ಗೊತ್ತೇನು, ಎಂದು ಕೊರಳ ಕರಡಿಗೆ ಮುಟ್ಟಿ ತೋರಿಸಿದಳು, ಲಿಂಗದ ಬುಡಕ, ನಿಮ್ಮಪ್ಪ ಯಾಕೂಬಸಾಬನೇ ಇದ್ದ ಆ ನಾಕಾದಾಗ, ನಿಜಾಮರ ಟೊಪಿಗಿ ಹಾಕ್ಕೊಂಡು, ಬುತ್ತಿಯೊಳಗಿನ ರೊಟ್ಟಿ ಒಂದೊಂದೇ ಮುರದು ನೋಡಾಂವ, ಗಂಟು ಬಿಚ್ಚಿಸಿ ನೋಡಾಂವ, ಕೊರಳಿಗಿ ಮಾತ್ರ ಕಣ್ಣ ಎತ್ತಲಿಲ್ಲ. ದಾವಲಸಾಬನಿಗೆ ನಾಚಿಕೆಯಾಯಿತು, ಯಾಕೋ ಹೆಮ್ಮೆಯೂ ಆಯಿತು, ಅಪ್ಪ ನೌಕರಿಯ ಮಾತನ್ನು ಮನೆಯಲ್ಲಿ ಆಡಿದವನಲ್ಲ, ಗೊತ್ತಿದ್ದೂ ಬಿಟ್ಟನೋ ಗೊತ್ತಾಗದೆ ಬಿಟ್ಟನೋ, ಈಗ ಕೇಳೋಣವೆಂದರೆ ಅವನೂ ಮಣ್ಣು ಸೇರಿ ಇಪ್ಪತ್ತು ವರ್ಷ. ಹತ್ತನೇದು ಕೊಡಾಕ ಆಗಲಿಲ್ಲ ತಮ್ಮಾ, ನಾ ಹೊಂಟಾಗಲೇ ಸರಕಾರದ ದಂಡು ಬಂತು, ನಿಜಾಮ ಇಳದ, ಕ್ಯಾಂಪಿನವರು ಮನಿಗಿ ಹೋದ್ರು, ಆ ಚೀಟಿ ನನ್ನ ಹಂತೇಕೇ ಉಳೀತು, ಅದರಾಗ ಬರದಾರ, ಇದನ್ನ ಗುರಮ್ಮನ ಕೈಲೆ ಕಳಿಸೇವಿ, ಮೊದಲಿನ ಒಂಬತ್ತೂ ಈಕೀನೇ ತಂದಾಳ ಅಂತ. ಹಾಗಾದರೆ ಪುರಾವೆ ಇದೆಯಲ್ಲ ಅಕ್ಕಾ, ಕಚೇರಿಗೆ ಯಾಕೆ ಕೊಡಲಿಲ್ಲ. ಮೂರು ಸಲ ಅರ್ಜಿ ಕೊಟ್ಟೇನಿ, ಮೂರು ಸಲ ಪುರಾವೆ ಇಲ್ಲಂತ ಬರದ್ರು, ಪುರಾವೆ ತೋರಸ್ತೇನಂದ್ರ ಅಸಲಿ ಬಿಟ್ಟು ಹೋಗು ಅಂತಾರ, ನಮ್ಮನಿಯವರು ತಮ್ಮ ಕಾಗದ ಬಿಟ್ಟು ಬಂದ್ರು, ಅವರು ಸಾಯೋತನಕ ಅದು ತಿರುಗಿ ಬರಲಿಲ್ಲ, ಒಬ್ಬ ಸಾಹೇಬ ಮ್ಯಾಲಿನ ಸಾಹೇಬಗ ಕಳಿಸೇನಿ ಅಂತಾನ, ಅವ ಅದರ ಮ್ಯಾಲಿನವಗ ಅಂತಾನ, ಯಾರ ಮ್ಯಾಲ ಇನ್ನೊಬ್ಬ ಸಾಹೇಬ ಇಲ್ಲೋ ಅವರ ಕೈಯಾಗ ಕೊಡ್ತೇನಿ. ಅವನು ನಕ್ಕಿದ್ದ, ಹಿರಿಯ ಹೆಣ್ಣುಮಗಳ ಮಾತು ಎಂದು ನಕ್ಕು, ಚಹಾ ಕುಡಿದು ಎದ್ದು ಬಂದಿದ್ದ, ಆ ಚೀಟಿ ಈಗ ಎಲ್ಲಿದೆ ಎಂದು ಒಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲ, ಇಪ್ಪತ್ನಾಲ್ಕು ವರ್ಷ ಪೊಲೀಸನಾಗಿದ್ದವನಿಗೆ ಹೊಳೆಯಲಿಲ್ಲ.

ಮತ್ತೆ ಆ ವರದಿ, ಅಲ್ಲಾ, ಆ ವರದಿ ಬರೆದ ಕೈ ಕಡಿದು ಹಾಕಬೇಕು. ಸರಕಾರದ ಯಾದಿಯಲ್ಲಿ ಆಕೆಯ ಹೆಸರಿನ ಮುಂದೆ ಬಸವಂತರಾಯರ ಹೆಂಡತಿ ಎಂದಷ್ಟೇ ಇತ್ತು, ಗಂಡನ ಶಾಲು ತಗೊಳ್ಳಲು ಬರುವವಳು ಎಂಬ ಲೆಕ್ಕದಲ್ಲಿ, ಅದು ಅವನಿಗೆ ಸರಿಬರಲಿಲ್ಲ, ದಿಲ್ಲಿಗೆ ಹೋಗುವ ಕಾಗದ, ಅದರಲ್ಲಾದರೂ ಆಕೆ ಮಾಡಿದ್ದು ಆಕೆಯ ಹೆಸರಿನಲ್ಲಿ ಇರಲಿ ಎಂದು ಮನೆಯ ಕಟ್ಟೆಯ ಮೇಲೆ ಕೂತು ದುಂಡಗಿನ ಅಕ್ಷರದಲ್ಲಿ ಎರಡು ಹಾಳೆ ತುಂಬ ಬರೆದ — ಈಕೆಯು ತನ್ನ ಕೊರಳ ಕರಡಿಗೆಯೊಳಗೆ ರಹಸ್ಯ ಚೀಟಿಗಳನ್ನು ಅಡಗಿಸಿಕೊಂಡು ಪೊಲೀಸರ ಕಣ್ಣು ತಪ್ಪಿಸಿ ಒಂಬತ್ತು ಬಾರಿ ನಾಕಾ ದಾಟಿದ ಧೀರ ಮಹಿಳೆಯಾಗಿದ್ದು — ಬರೆದು ಪ್ಯಾರಿಬಿಗೆ ಓದಿ ಹೇಳಿದ, ಆಕೆ ಅಕ್ಕಿ ಆರಿಸುತ್ತ ಕೇಳಿ, ಇಷ್ಟೆಲ್ಲ ಯಾಕ ಬರೀತೀರಿ, ಒಳ್ಳೇ ಹೆಣ್ಣಮಗಳು ಅಂತ ಒಂದ ಮಾತು ಬರದ್ರ ಸಾಲದೇನು ಅಂದಳು, ನಿನಗೇನು ತಿಳೀತದ ಸುಮ್ಮಕಿರು ಎಂದು ಗದರಿದ, ಗದರಿದ್ದು ಈಗ ಮುಳ್ಳಿನ ಹಾಗೆ ಚುಚ್ಚುತ್ತಿದೆ, ಆಕೆ ಹೇಳಿದ್ದೇ ಯಾವಾಗಲೂ ಖರೆ ಆಗುತ್ತದೆ, ಅದಕ್ಕೇ ಅವನಿಗೆ ಆಕೆಯ ಮೇಲೆ ಇನ್ನಷ್ಟು ಸಿಟ್ಟು. ಎರಡು ದಿನ ಬಿಟ್ಟು ಸಫಾರಿ ಸಾಹೇಬ ಕರೆಸಿದ, ವರದಿ ಮೇಜಿನ ಮೇಲಿತ್ತು, ಕರಡಿಗೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿತ್ತು, ದಫೇದಾರ, ಇದು ನಿನ್ನ ಅಕ್ಷರವೇ. ಹೌದು ಸಾಹೇಬ್. ಪೊಲೀಸರ ಕಣ್ಣು ತಪ್ಪಿಸಿ ವಸ್ತು ಸಾಗಿಸುವ ಅಭ್ಯಾಸವಿದ್ದವಳು, ಒಂಬತ್ತು ಸಲ ಸಿಕ್ಕಿಬೀಳದವಳು, ಅಡಗಿಸುವ ಜಾಗ ಕೊರಳಿನ ಡಬ್ಬಿ, ಅದೇ ಡಬ್ಬಿಯನ್ನು ಹಾಕಿಕೊಂಡು ಆಕೆ ರಾಷ್ಟ್ರಪತಿಗಳ ಎದುರು ಒಂದು ಮೊಳ ದೂರದಲ್ಲಿ ನಿಲ್ಲಬೇಕು, ಹೌದಲ್ಲ. ಸಾಹೇಬ್, ಅದು ನಿಜಾಮರ ವಿರುದ್ಧ, ದೇಶಕ್ಕಾಗಿ. ಯಾರ ವಿರುದ್ಧ ಎಂಬುದು ನನ್ನ ಕೆಲಸವಲ್ಲ ದಫೇದಾರ, ಹೇಗೆ ಎಂಬುದು ನನ್ನ ಕೆಲಸ. ಆ ಮಾತಿನಲ್ಲಿ ತಪ್ಪು ಹುಡುಕಲು ನಾಲ್ಕು ದಿನದಿಂದ ನೋಡುತ್ತಿದ್ದಾನೆ, ಸಿಗುತ್ತಿಲ್ಲ, ತಾನು ಅವನ ಕುರ್ಚಿಯಲ್ಲಿ ಕೂತಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ ಎನಿಸುವುದೇ ಮೈ ಪರಚಿಕೊಳ್ಳುವಂತೆ ಮಾಡುತ್ತದೆ. ನಾಲ್ವರು ಗಂಡಸರ ಕರಡಿಗೆಗೆ ಒಪ್ಪಿಗೆಯಾಯಿತು, ಗುರಮ್ಮಕ್ಕನದಕ್ಕೆ ಮಾತ್ರ ಗೇಟಿನಲ್ಲಿ ತೆಗೆದು ನೋಡಿಯೇ ಬಿಡಬೇಕೆಂದು ಸಾಹೇಬ ಬರೆದ, ಇಲ್ಲವಾದರೆ ಹೆಸರು ಹೊಡೆದುಹಾಕು, ಅಷ್ಟೇ. ಅದನ್ನು ಹೇಳಲು ಮತ್ತೆ ಅವಳ ಮನೆಗೆ ಹೋಗಬೇಕಾಯಿತು, ಅಕ್ಕಾ, ಅವತ್ತೊಂದು ದಿನ ಮನ್ಯಾಗ ಜಗಲಿ ಮ್ಯಾಲ ಇಟ್ಟು ಬರ್ರಿ. ಆಕೆ ಅವನನ್ನೇ ನೋಡಿದಳು, ನಾ ನಿನಗ ಮನಿಯಾಂವ ಅಂತ ಹೇಳಿದ್ದು, ನೀ ಊರಿಗೆಲ್ಲ ಹೇಳಿ ಬಂದಿ. ಅವನು ತಲೆ ತಗ್ಗಿಸಿದ. ಹಂಗಾರ ಬರಂಗಿಲ್ಲ ಅಂತ ಹೇಳ್ಲೇನ್ರಿ. ಬರ್ತೇನಿ, ನಲವತ್ತು ವರ್ಷ ಆತು, ಯಾಕ ಬರಬಾರದು, ಇದರ ಜೋಡಿನೇ ಬರ್ತೇನಿ. ಅಲ್ಲಿಂದ ಎದ್ದವನು ನೇರವಾಗಿ ಗುಮಾಸ್ತ ಭಗವಂತನ ಹತ್ತಿರ ಹೋದ, ಮೈಕಿನಲ್ಲಿ ಹೆಸರು ಓದುವವನು ಅವನೇ, ನೋಡು ಭಗವಂತ, ಮತ್ತೇನರೆ ಆಗಲಿ, ಹೆಸರು ಕೂಗುವಾಗ ಗುರಮ್ಮ ಅಂತ ಕೂಗು, ಅವರ ಹೆಂಡತಿ ಇವರ ಹೆಂಡತಿ ಅನಬ್ಯಾಡ. ಹೌದ್ರಿ ದಫೇದಾರ್ರ, ಬರಕೊಂಡೇನ್ರಿ ಅಂದ, ಮೂರು ಸಲ ಹೇಳಿದ, ಮೂರು ಸಲವೂ ಬರಕೊಂಡೇನ್ರಿ ಅಂದ.

ಇವತ್ತು ಮುಂಜಾನೆ ಒಂಬತ್ತಕ್ಕೆ ಗೇಟು. ಇಳಕಲ್ ಸೀರೆ ಉಟ್ಟು ಬಂದಿದ್ದಳು, ಹಣೆಗೆ ಮೂರು ಬೆರಳ ವಿಭೂತಿ, ಗಂಡ ಸತ್ತಾಗಲೂ ಒಡೆಯಗೊಡದ ಬಳೆ ಕೈತುಂಬ, ಬಾಗಿಲು ಕೂಗಿತು, ಕೂಗದೆ ಏನು ಮಾಡೀತು, ಹೆಣ್ಣುಮಕ್ಕಳ ತಪಾಸಣೆಗೆ ನಿಲ್ಲಿಸಿದ್ದ ಪೇದೆ ಸುಂದರಬಾಯಿ ಅರಿವೆಯ ಮರೆಗೆ ಕರೆದುಕೊಂಡು ಹೋದವಳು ಹಾಗೇ ತಿರುಗಿ ಬಂದು, ದಫೇದಾರ್ರ, ನನ್ನ ಕೊರಳಾಗೂ ಲಿಂಗ ಅದ, ಅವರದಕ್ಕ ನಾ ಕೈ ಹಚ್ಚಂಗಿಲ್ಲ, ಬೇಕಾದ್ರ ನನ್ನ ಸಸ್ಪೆಂಡ್ ಮಾಡ್ರಿ ಅಂದಳು. ಕಲ್ಯಾಣಪ್ಪನವರು ಗೇಟಿನ ಹತ್ತಿರ ಸುಳಿಯಲೇ ಇಲ್ಲ, ಬಾಗಿಲು ತಮಗೂ ಕೂಗುತ್ತದೆಂದು ಹತ್ತು ದಿನದಿಂದ ಶಾಲೆಯ ಹಿಂದಿನ ಗೋಡೆ ಸುತ್ತಿ ಓಡಾಡುತ್ತಿದ್ದಾರೆ. ಸಫಾರಿ ಸಾಹೇಬ ಗಡಿಯಾರ ನೋಡಿ, ದಫೇದಾರ, ಬರೆದವನು ನೀನು, ನೋಡುವವನೂ ನೀನೇ, ನೋಡಿ ಸಹಿ ಮಾಡಿದರೆ ಬಿಡುತ್ತೇನೆ ಅಂದ. ಇದಕ್ಕಿಂತ ಅವನು ಹೊಡೆದಿದ್ದರೆ ಚೆನ್ನಾಗಿತ್ತು. ಅರಿವೆಯ ಮರೆಯಲ್ಲಿ ಆಕೆ, ಈತ, ಮೊಳದಷ್ಟು ಜಾಗ, ಹೊರಗೆ ಸಾಹೇಬನ ಬೂಟು, ಅಕ್ಕಾ, ನಾ ಮುಟ್ಟಂಗಿಲ್ಲ, ನೀವೇ ತೆಗದು ತೋರಿಸ್ರಿ, ತೋರಿಸಿ ಮುಚ್ಚಿಬಿಡ್ರಿ ಎಂದು ಹೇಳುವಾಗ ಅವನ ದನಿ ಅವನಿಗೇ ಕೇಳಲಿಲ್ಲ, ಆಕೆಯ ಬಲಗೈ ಕೊರಳಿಗೆ ಹೋಯಿತು, ಸೆರಗಿನೊಳಗಿಂದ ದಾರ ಎಳೆದು, ಹೆಬ್ಬೆರಳಿನ ಉಗುರಿನಿಂದ ಮುಚ್ಚಳ ಮೀಟಿ, ಎಡ ಅಂಗೈ ಮೇಲೆ ಲಿಂಗವನ್ನು ಇಳಿಸಿಕೊಂಡಳು. ಕರಡಿಗೆಯ ತಳದಲ್ಲಿ ಕಾಗದ. ನಾಲ್ಕು ಮಡಿಕೆ, ಅಂಚು ಕಂದಿ, ಮಧ್ಯದಲ್ಲಿ ಲಿಂಗ ಕೂತು ಕೂತು ದುಂಡಗೆ ತಗ್ಗು ಬಿದ್ದ ಕಾಗದ, ಇದ್ದಲ್ಲೇ ಇತ್ತು, ನಲವತ್ತು ವರ್ಷ ಅಲ್ಲೇ ಇತ್ತು. ಅವನು ಅದನ್ನು ನೋಡಿದ, ಆಕೆ ಅವನನ್ನು ನೋಡಿದಳು, ಬರೀ ತುಟಿಯಲ್ಲಿ, ನಿಮ್ಮಪ್ಪ ನೋಡಲಿಲ್ಲ, ನೀ ನೋಡಿದಿ, ಏನ ಹೇಳ್ತಿ ಹೇಳಪ್ಪಾ ಅಂದಳು. ವೇದಿಕೆಗೆ ಕಾಗದ ಒಯ್ಯುವಂತಿಲ್ಲ, ಒಂದು ಚೂರೂ ಇಲ್ಲ, ಅರ್ಜಿ ಕೊಡಲು ಮುಂದೆ ನುಗ್ಗಿದವರಿಂದಲೇ ಎಲ್ಲೆಲ್ಲಿ ಏನೇನಾಯಿತೆಂದು ಸಫಾರಿ ಸಾಹೇಬ ಕಥೆ ಕಥೆ ಹೇಳಿದ್ದ, ಅದನ್ನೂ ಕನ್ನಡ ಮಾಡಿದವನು ಇವನೇ. ಅವನು ಹೊರಗೆ ಬಂದ. ಸಾಫ್ ಹೈ ಸಾಬ್ ಅಂದ. ಸಹಿ ಮಾಡಿದ, ತನ್ನ ಪೂರ್ತಿ ಹೆಸರು, ನಂಬರು, ಠಾಣೆ, ತಾರೀಖು.

ಎರಡನೆಯವರ ಶಾಲು ಮುಗಿಯಿತು, ಚಪ್ಪಾಳೆ, ಮೈಕಿನಲ್ಲಿ ಭಗವಂತನ ಗಂಟಲು, ಮೂರನೆಯವರು ಆಳಂದದ ಕಡೆಯವರು, ಅವರ ಹೆಸರು, ಅವರ ಜೈಲುವಾಸ ಎಷ್ಟು ತಿಂಗಳು, ನೊಣ ಯಾವಾಗ ಹಾರಿಹೋಯಿತೋ ಗೊತ್ತಾಗಲಿಲ್ಲ. ಬೆನ್ನ ಹಿಂದೆ ಹದಿನೈದು ಹೆಜ್ಜೆಯಲ್ಲಿ ವೇದಿಕೆ, ವೇದಿಕೆಯ ಮೇಲೆ ನಾಲ್ಕನೇ ಕುರ್ಚಿಯಲ್ಲಿ ಗುರಮ್ಮಕ್ಕ, ಆಕೆಯ ಕೊರಳಲ್ಲಿ ಆ ಕಾಗದ, ಯಾರ ಮೇಲೆ ಇನ್ನೊಬ್ಬ ಸಾಹೇಬನಿಲ್ಲವೋ ಅವರು ಆಕೆಯ ಎದುರಿಗೇ ಬಂದು ನಿಲ್ಲುತ್ತಾರೆ, ಆಕೆ ಏನು ಮಾಡುತ್ತಾಳೆ ಎಂದು ಅವನಿಗೆ ಗೊತ್ತಿದೆ, ಆರು ದಿನದ ಹಿಂದೆಯೇ ಬಾಯಿಬಿಟ್ಟು ಹೇಳಿದ್ದಳು, ಅವನು ನಕ್ಕಿದ್ದ. ಬಲಗೈ ಕೊರಳಿಗೆ ಹೋಗುತ್ತದೆ. ಸೆರಗಿನೊಳಗೆ ಹೋಗುತ್ತದೆ. ಮಾಳಿಗೆಯ ಮೇಲೆ ಮಲಗಿದವನಿಗೆ ಚೀಟಿಯೂ ಗೊತ್ತಿಲ್ಲ ಲಿಂಗವೂ ಗೊತ್ತಿಲ್ಲ, ಅವನಿಗೆ ಕೈಯೊಂದೇ ಗೊತ್ತು. ಈಗಲೇ ಕೂಗಿ ಹೇಳಿಬಿಡಲೇ, ಆಕೆಯ ಹತ್ತಿರ ಕಾಗದವಿದೆ ಸಾಹೇಬ್, ಬರೀ ಕಾಗದ, ಹೇಳಿದರೆ ಇಷ್ಟು ಜನರೆದುರು ಆಕೆಯನ್ನು ರಟ್ಟೆ ಹಿಡಿದು ಇಳಿಸುತ್ತಾರೆ, ಕರಡಿಗ್ಯಾಗ ಏನೋ ಬಚ್ಚಿಟ್ಟು ತಂದಿದ್ದಳಂತ ಎಂದು ಮೂರು ತಾಲೂಕಿನಲ್ಲಿ ಆಡಿಕೊಳ್ಳುತ್ತಾರೆ, ಇಷ್ಟು ದಿನ ಹೆಸರಿಲ್ಲದವಳಿಗೆ ಅಂಥ ಹೆಸರು ಬರುತ್ತದೆ, ಹೇಳದಿದ್ದರೆ — ಕೈ ಕೊರಳಿಗೆ ಹೋಗುತ್ತದೆ. ಎಲ್ಲರ ಮೇಲೂ ಸಿಟ್ಟು ಬರುತ್ತಿದೆ, ಎರೆಮಣ್ಣು ಯಾಕಿದೆ ಎಂದು ಕೇಳಿದವನ ಮೇಲೆ, ಗೋಡೆ ಸುತ್ತಿ ಓಡಾಡುವ ಫೌಜದಾರರ ಮೇಲೆ, ಅಸಲಿ ಕೇಳಿ ಅಸಲಿ ನುಂಗುವ ಕಚೇರಿಯ ಮೇಲೆ, ಈ ಮುದುಕಿಯ ಮೇಲೆ, ಏನು ಹಟ, ಒಂದು ದಿನ ಆ ಚೀಟಿಯನ್ನಾದರೂ ಮನೆಯಲ್ಲಿಟ್ಟು ಬರಬಾರದಿತ್ತೇ, ಸತ್ತ ಅಪ್ಪನ ಮೇಲೆ, ಅವತ್ತೇ ಹಿಡಿದು ಹಾಕಿದ್ದರೆ ಇವತ್ತು ಈ ಪೀಕಲಾಟವೇ ಇರುತ್ತಿರಲಿಲ್ಲ ಅಂದುಕೊಂಡು, ಛೀ, ಎಂಥ ಮಾತು ಅಂದುಕೊಂಡೆ ಎಂದು ತನ್ನ ಮೇಲೆಯೇ ಎಲ್ಲಕ್ಕಿಂತ ಹೆಚ್ಚು. ಹೆಸರು ಸರಿಯಾಗಿ ಕೂಗಿದರೆ ಸಾಕು, ಅದೊಂದೇ ದಾರಿ, ಭಗವಂತ ಒಂದು ಸಲ ಬಾಯಿತುಂಬ ಗುರಮ್ಮ ಎಂದು ಕೂಗಿದರೆ ಆಕೆಗೆ ಅಷ್ಟೇ ಬೇಕಾದದ್ದು, ಇಷ್ಟು ಜನ ಕೇಳಿದರೆ ಆಮೇಲೆ ಕಾಗದ ಯಾಕೆ ಬೇಕು, ಕೈ ತೊಡೆಯ ಮೇಲೆಯೇ ಉಳಿಯುತ್ತದೆ, ಬರಕೊಂಡೇನ್ರಿ ಅಂದಿದ್ದಾನೆ, ಮೂರು ಸಲ ಅಂದಿದ್ದಾನೆ, ಬರಕೊಂಡಿರುತ್ತಾನೆ.

ಮೂರನೆಯವರು ಕೂತರು, ಮೈಕು ಒಮ್ಮೆ ಗರ್ ಎಂದಿತು, ಭಗವಂತ ಹಾಳೆ ತಿರುವಿದ ಸದ್ದು ಬಯಲಿಗೆಲ್ಲ ಕೇಳಿತು, ಈಗ ಸ್ವಾತಂತ್ರ್ಯ ಹೋರಾಟಗಾರರಾದ ದಿವಂಗತ ಬಸವಂತರಾಯರ ಪರವಾಗಿ ಅವರ ಧರ್ಮಪತ್ನಿಯವರು — ಅಷ್ಟೇ, ಅಲ್ಲಿಗೇ ನಿಲ್ಲಿಸಿದ, ಧರ್ಮಪತ್ನಿಯವರು, ಆ ಹಾಳೆಯಲ್ಲಿ ಆಕೆಗೆ ಹೆಸರೇ ಇಲ್ಲ, ಥೂ ನಿನ್ನ, ದಾವಲಸಾಬ ಹಲ್ಲು ಕಚ್ಚಿದ, ಚಪ್ಪಾಳೆ ಬಿತ್ತು, ತಿರುಗುವಂತಿಲ್ಲ, ಪ್ಯಾರಿಬಿಯ ಮುಖ ಬಿಟ್ಟು ಬೇರೆ ಕನ್ನಡಿ ಇಲ್ಲ, ಅದನ್ನೇ ನೋಡುತ್ತ ನಿಂತ, ಆಕೆ ಕತ್ತು ಉದ್ದ ಮಾಡಿದಳು, ಅಂದರೆ ಗುರಮ್ಮಕ್ಕ ಎದ್ದಳು, ಪ್ಯಾರಿಬಿಯ ಮುಖ ಅರಳಿತು, ಅಂದರೆ ಶಾಲು ಹೊದಿಸಿದರು, ಮುಗಿಯಿತು, ಇನ್ನು ಹೋಗಿ ಕೂರಕ್ಕಾ, ಕೈ ಮುಗಿದು ಹೋಗಿ ಕೂರು, ನಿನ್ನ ಕಾಲಿಗೆ ಬೀಳುತ್ತೇನೆ. ಚಪ್ಪಾಳೆ ಒಂದು ಕಡೆಯಿಂದ ನಿಲ್ಲುತ್ತ ಬಂತು, ಪೂರ್ತಿ ಮುಗಿದದ್ದಲ್ಲ, ಮುಂದಿನ ಸಾಲು ನಿಲ್ಲಿಸಿತು, ಆಮೇಲೆ ಎರಡನೆಯದು, ಪ್ಯಾರಿಬಿಯ ಬಾಯಿ ಅರೆ ತೆರೆದುಕೊಂಡಿತು, ಶೇಂಗಾ ಹಿಡಿದ ಕೈ ಮಡಿಲು ಬಿಟ್ಟು ಮೆಲ್ಲಗೆ ಮೇಲೆ ಬಂತು, ಯಾರೂ ಹೇಳದಿದ್ದರೂ ತಾನಾಗಿಯೇ ಬಂತು, ಬಂದು ಆಕೆಯ ಸ್ವಂತ ಕೊರಳಿನ ಮೇಲೆ ನಿಂತಿತು. ದಾವಲಸಾಬ ತಿರುಗಿದ. ಹತ್ತು ದಿನ ಕಲಿಸಿದ ಕಾನೂನು ಮುರಿದು ಪೂರ್ತಿ ತಿರುಗಿ, ಎರಡೂ ಕೈ ತಲೆಯ ಮೇಲೆತ್ತಿ, ಮಾಳಿಗೆಯ ಕಡೆಗೆ, ಕಾಗದ ಸಾಬ್, ಬರೀ ಕಾಗದ, ನಾ ನೋಡೇನಿ, ನಾನೇ ನೋಡೇನಿ ಎಂದು ಕೂಗುತ್ತಲೇ ವೇದಿಕೆಯ ಕಡೆ ಓಡಿದ, ಯಾವ ಭಾಷೆಯಲ್ಲಿ ಕೂಗಿದನೋ ತಿಳಿಯದು, ಗುಂಡಿನ ಸದ್ದು ಈಗ ಬರುತ್ತದೆ, ಈಗ, ಬರಲಿಲ್ಲ, ಬಂದದ್ದು ಮೈಕಿನೊಳಗಿಂದ ಒಂದು ದನಿ, ನಡುಗದ ದನಿ, ನನ್ನ ಹೆಸರು ಗುರಮ್ಮರಿ, ಒಂಬತ್ತು ಒಯ್ದು ಕೊಟ್ಟೇನಿ, ಇದು ಹತ್ತನೇದು. ಅವನ ಕಾಲು ಅಲ್ಲೇ ನಿಂತವು, ರಾಷ್ಟ್ರಪತಿಗಳ ಮುಖ ಎದುರಿಗೇ ಇರಬೇಕು, ಅವನು ನೋಡಲಿಲ್ಲ, ಅವನಿಗೆ ಕಂಡದ್ದು ಅಂಗೈ ಮೇಲೆ ಲಿಂಗ ಹಿಡಿದ ಎಡಗೈ, ಶಾಲಿನಿಂದ ಹೊರಬಂದ ಬಲಗೈ, ಅದರ ಮಣಿಕಟ್ಟನ್ನು ಸುತ್ತಿ ಬಿಗಿಹಿಡಿದ ಸಫಾರಿ ಸಾಹೇಬನ ಐದು ಬೆರಳು, ಅದರಾಚೆ ಆಕೆಯ ಎರಡು ಬೆರಳು, ಎರಡು ಬೆರಳ ನಡುವೆ ನಾಲ್ಕು ಮಡಿಕೆಯ ಕಾಗದ, ಸಾಹೇಬ ಹಿಂಡುತ್ತಿದ್ದಾನೆ, ಬಳೆಗಳು ಒಡೆದು ಕೆಳಗೆ ಬೀಳುತ್ತಿವೆ, ಆ ಎರಡು ಬೆರಳು ಬಿಡುತ್ತಿಲ್ಲ.